ಸಾಯ್ರಗುಲ್‌ಳ ಗಿಟಾರಿಗೊಂದು ಪೆಟ್ಟಿಗೆ

ಸಾಯ್ರಗುಲ್ ಕುಳ್ಳಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಷ್ಟೆಲ್ಲಾ ರಾಮಾಯಣ ಹುಟ್ಟಿದ್ದೇ ಅದರಿಂದ. ನಾವಿಬ್ಬರೂ ಕರಕೋಲ್ ಊರಿನ ಮದುವೆ ವಾದ್ಯದವರು. ನಾನು ತೊಕ್ತೊಸುನ್, ಡ್ರಮ್ಸ್ ಬಾರಿಸುತ್ತೇನೆ. ಅವಳದು ಬೇಸ್ ಗಿಟಾರ್. ಸೋವಿಯತ್ ಕಾಲದಲ್ಲಿ ಸಂಸ್ಕೃತಿ ಭವನದ ತಂಡ ಅಂತ ಶುರುವಾದದ್ದು. ಆ ದೇಶವೇ ಹೋಯಿತು, ಭವನದ ಸೂರು ಸೋರಿ ಬಿತ್ತು, ನಾವು ಮಾತ್ರ ಇನ್ನೂ ಕುಟ್ಟುತ್ತಾ ಇದ್ದೇವೆ. ಹಗಲು ಅವಳು ಸಂಗೀತ ಶಾಲೆಯಲ್ಲಿ ಮಕ್ಕಳಿಗೆ ಸ್ವರಪಾಠ ಹೇಳುತ್ತಾಳೆ, ಶನಿವಾರ ಬಂದರೆ ಊರಿನವರ ಕಾಲು ಕುಣಿಸುತ್ತಾಳೆ. ಕುಣಿಯುವವರು ಹಾಡುಗಾರನನ್ನು ನೋಡುತ್ತಾರೆ, ಹೆಚ್ಚೆಂದರೆ ನನ್ನ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾರೆ. ಬೇಸ್ ಬಾರಿಸುವವರನ್ನು ಯಾರೂ ನೋಡುವುದಿಲ್ಲ. ಅವಳು ನಿಲ್ಲಿಸಿದಾಗ ಮಾತ್ರ ಎಲ್ಲರ ಹೆಜ್ಜೆಯೂ ತಪ್ಪುತ್ತದೆ, ಯಾಕೆ ತಪ್ಪಿತು ಅಂತ ಅವರಿಗೇ ಗೊತ್ತಾಗುವುದಿಲ್ಲ.

ಭವನದಲ್ಲಿ ಮೊದಲು ಕಾರ್ಖಾನೆಯ ಗಿಟಾರೊಂದಿತ್ತು. ಸಾಯ್ರಾ ಅದನ್ನು ಹೊತ್ತು ನಿಂತರೆ ಗಿಟಾರೇ ಅವಳನ್ನು ಹೊತ್ತಂತೆ ಕಾಣುತ್ತಿತ್ತು. ಅವಳ ಬೆರಳುಗಳು ಕುತ್ತಿಗೆಯ ಮೇಲಿನ ಮೊದಲ ಸ್ವರದ ಮನೆಯಿಂದ ಮೂರನೆಯದಕ್ಕೆ ಎಟುಕುತ್ತಿರಲಿಲ್ಲ. ಅಂಗೈಯನ್ನೇ ಓಡಿಸಿ ಓಡಿಸಿ ಸಂಜೆಯ ಹೊತ್ತಿಗೆ ಮಣಿಕಟ್ಟು ಬಾತುಕೊಳ್ಳುತ್ತಿತ್ತು. ಆಗ ಬಂದವನು ಅವಳ ಅಣ್ಣ ಓರೊಜಾಲಿ. ನಮ್ಮೂರ ಪಕ್ಕದ ದೊಡ್ಡ ಸರೋವರದ ತೆಂಕಣ ದಡದಲ್ಲಿ, ಜರ್ದಾಳು ತೋಟಗಳ ನಡುವೆ, ನಮ್ಮ ಮೂರು ತಂತಿಯ ಕೊಮುಜ್ ವಾದ್ಯ ಮಾಡುತ್ತಿದ್ದವನು. ಜೇಬಿನಿಂದ ದಾರ ತೆಗೆದು ತಂಗಿಯ ಮುಂದೆ ಕೂತ.

"ಕೈ ಅಗಲಿಸು."

"ಅಗಲಿಸಿದೀನಲ್ಲ ಅಣ್ಣ."

"ಇಷ್ಟೇನಾ? ಅಮ್ಮ ನಿನ್ನ ಅರ್ಧಕ್ಕೇ ಹೆತ್ತುಬಿಟ್ಲಾ ಏನ್ ಕತೆ?"

ಅವಳ ಗೇಣಿಗೊಂದು ಗಂಟು ಹಾಕಿಕೊಂಡು ಹೋದ. ಎಂಟು ತಿಂಗಳಿಗೆ ಗಿಟಾರ್ ತಂದ. ಕೊಮುಜ್ ಮಾಡುವ ಹಾಗೆಯೇ ಒಂದೇ ಜರ್ದಾಳು ದಿಮ್ಮಿಯಿಂದ ಬಿಡಿಸಿದ್ದು. ಕುತ್ತಿಗೆ, ಹೊಟ್ಟೆ ಎಲ್ಲಾ ಒಂದೇ ತುಂಡು, ಎಲ್ಲೂ ಜೋಡಣೆಯಿಲ್ಲ. ಮೇಲೆ ತೆಳ್ಳನೆಯ ದೇವದಾರು ಹಲಗೆ, ನಾಲ್ಕು ತಂತಿ. ಕುತ್ತಿಗೆ ಗಿಡ್ಡ, ಹೊಟ್ಟೆ ಅಗಲ, ಬೆನ್ನು ಉಬ್ಬು. ಅಂಥದ್ದು ಭೂಮಿಯ ಮೇಲೆ ಇನ್ನೊಂದಿಲ್ಲ. ಅದನ್ನು ಎತ್ತಿಕೊಂಡ ದಿನ ಸಾಯ್ರಾ ಮೊದಲ ಸಲ ನೆಟ್ಟಗೆ ನಿಂತು ನುಡಿಸಿದಳು.

ಅಣ್ಣ ತಂಗಿಯ ನಡುವೆ ಹನ್ನೆರಡು ವರ್ಷದ ಅಂತರ. ತಾಯಿ ಬೀಟ್ರೂಟ್ ಹೊಲಕ್ಕೆ ಹೋದರೆ ಸಾಯ್ರಾಳ ತೊಟ್ಟಿಲು ತೂಗುತ್ತಿದ್ದವನು ಅವನೇ. ತೊಟ್ಟಿಲಿಗೆ ಹಗ್ಗದ ಒಂದು ತುದಿ, ತನ್ನ ಕಾಲ ಹೆಬ್ಬೆರಳಿಗೆ ಇನ್ನೊಂದು ತುದಿ, ಕೈಯಲ್ಲಿ ಚಾಕು ಮತ್ತು ಕಟ್ಟಿಗೆ. ಕಸುಬು ಕಲಿತದ್ದೇ ಹಾಗೆ ಅಂತ ಅವನು ಹೇಳುತ್ತಿದ್ದ. ಅವನ ಮನಸ್ಸಿನಲ್ಲಿ ಒಂದು ಕೊರಗೂ ಇತ್ತು. ಜರ್ದಾಳು ದಿಮ್ಮಿ ಐದು ವರ್ಷ ಒಣಗಬೇಕು. ಪ್ರಾಂತ್ಯದ ಸ್ಪರ್ಧೆಗೆ ತಂಗಿ ನುಡಿಸಲಿ ಅಂತ ಅವಸರಪಟ್ಟು ಮೂರೇ ವರ್ಷದ ದಿಮ್ಮಿಗೆ ಉಳಿ ಹಾಕಿದ್ದ. ಇವತ್ತಲ್ಲ ನಾಳೆ ಅದು ಸೀಳುತ್ತದೆ, ತಪ್ಪು ನನ್ನದೇ ಅಂತ ಮೂವತ್ತೆಂಟು ವರ್ಷದಿಂದ ಹೇಳುತ್ತಲೇ ಬಂದ.

ಒಮ್ಮೆ ಸೀಳಿತು ಕೂಡ. ಆದರೆ ಅದು ಮರದ ತಪ್ಪಲ್ಲ, ನನ್ನದು. ಹೋದ ವರ್ಷದ ಹಿಂದಿನ ಚಳಿಗಾಲ, ಒಂದು ಮದುವೆ ಮುಗಿಸಿ ಬರುವಾಗ ನನ್ನ ವ್ಯಾನಿನಲ್ಲಿ ಸ್ಪೀಕರ್ ಪೆಟ್ಟಿಗೆ ಜಾರಿ ಗಿಟಾರಿನ ಮೇಲೆ ಕೂತಿತು. ನಾನೇ ಸರಿಯಾಗಿ ಕಟ್ಟಿರಲಿಲ್ಲ. ಗಿಟಾರಿಗೆ ಪೆಟ್ಟಿಗೆ ಎಲ್ಲಿತ್ತು, ಹಳೇ ಹಾಸಿಗೆ ಸುತ್ತಿ ಒಯ್ಯುತ್ತಿದ್ದೆವು. ಬೆನ್ನಿನಲ್ಲಿ ಒಂದು ಗೇಣು ಬಿರುಕು. ಓರೊಜಾಲಿ ಅಂಟು ಕಾಯಿಸಿ ತುಂಬಿಸಿ ಬಿಗಿದ. ಆಗಲೇ ಅವನ ಕೈ ನಡುಗಲು ಶುರುವಾಗಿತ್ತು. "ಇನ್ನೊಂದ್ಸಲ ಬಿಟ್ರೆ ನನ್ನ ಕೈಲಾಗಲ್ಲ ಸಾಯ್ರಾ. ಬೇರೆಯವರ ಕೈಲೂ ಆಗಲ್ಲ," ಅಂದ. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವನ ಕೈ ಪೂರ್ತಿ ಹೋಯಿತು. ಮಗ ಬಂದು ಅವನನ್ನು ಅಟ್‌ಬಾಶಿಗೆ ಕರೆದೊಯ್ದ. ಎತ್ತರದ ಊರು, ಅಲ್ಲಿ ಜರ್ದಾಳು ಗಿಡ ನೆಟ್ಟರೆ ಚಿಗುರೊಡೆಯುವ ಮೊದಲೇ ಸಾಯುತ್ತದೆ. ಈ ಜನವರಿಯಲ್ಲಿ ಮಗನ ಫೋನು ಬಂತು. "ಅತ್ತೆ, ಅಪ್ಪಂಗೆ ನಿದ್ದೆನೇ ಹತ್ತಲ್ಲ. ಕೂತೇ ಇರ್ತಾರೆ. ಗಿಟಾರ್ ಸೀಳಿದೆ, ನೀವೆಲ್ಲಾ ಮುಚ್ಚಿಡ್ತಿದ್ದೀರಾ ಅಂತಾರೆ. ಫೋಟೋ ತೋರಿಸಿದೆ, ಹಳೇದು ಅಂದ್ರು. ಡಾಕ್ಟ್ರು ವಸಂತದ ತನಕ ಇರ್ತಾರೆ ಅಂತ ಮಾತು ಕೊಡ್ತಿಲ್ಲ."

ಸಾಯ್ರಾ ಫೋನಿಟ್ಟು ನನಗೆ ಹೇಳಿದಳು: "ತೊಕೊ, ಇದನ್ನ ಅಣ್ಣನ ಕೈಗೆ ಕೊಡ್ಬೇಕು. ಇಡಿಯಾಗಿ ಕೊಡ್ಬೇಕು."

ಹೇಳುವುದು ಸುಲಭ. ನನ್ನ ವ್ಯಾನು ಈ ಚಳಿಯಲ್ಲಿ ದಾರಿಯ ದೊಲೋನ್ ಕಣಿವೆಯ ಏರು ಹತ್ತುವುದಿರಲಿ, ಬಜಾರಿನ ದಿಬ್ಬ ಹತ್ತುವುದಿಲ್ಲ. ಸವಾರಿ ವ್ಯಾನಿನಲ್ಲಿ ಹೋಗಬೇಕು. ಆ ಚಾಲಕರು ಸಾಮಾನು ಅಂದರೆ ಹಿಂದುಗಡೆ ಎಸೆಯುತ್ತಾರೆ. ಅಲ್ಲಿ ಕಲ್ಲಿದ್ದಲ ಮೂಟೆ, ಕುರಿ ಮಾಂಸ, ಕಬ್ಬಿಣದ ಒಲೆ. ಬಿಸಿಗಾಳಿಯೂ ಅಲ್ಲಿಗೆ ಬರುವುದಿಲ್ಲ. ಹೊರಗೆ ಮೈನಸ್ ಇಪ್ಪತ್ತೈದು. ಒಂದು ಸಲ ಒಡೆದ ಮರ, ಹಾಸಿಗೆ ಸುತ್ತಿದರೆ ಉಳಿಯುವುದಿಲ್ಲ. ಗಟ್ಟಿ ಪೆಟ್ಟಿಗೆಯೇ ಬೇಕು.

ಮೊದಲು ರಾಜಧಾನಿ ಬಿಷ್ಕೆಕ್‌ನ ವಾದ್ಯದ ಅಂಗಡಿಗೆ ಫೋನು ಮಾಡಿದಳು. "ಯಾವ ಕಂಪನೀದು?" ಅಂದನಂತೆ ಅಂಗಡಿಯವನು. "ಓರೊಜಾಲೀದು," ಅಂದಳು. "ಆ ಕಂಪನಿ ಮಾಲು ನಮ್ಮಲ್ಲಿ ಬರಲ್ಲ ಅಕ್ಕ," ಅಂದ. ಆದರೂ ಚೀನಾದ ಪೆಟ್ಟಿಗೆಯೊಂದನ್ನು ತರಿಸಿದೆವು. ಉದ್ದ ಒಂದು ಗೇಣು ಹೆಚ್ಚು, ಅಗಲ ನಾಲ್ಕು ಬೆರಳು ಕಡಿಮೆ. ಗಿಟಾರ್ ಅದರ ಮೇಲೆ ಕೂತಿತೇ ಹೊರತು ಒಳಗೆ ಇಳಿಯಲಿಲ್ಲ. ಸಂಗೀತ ಶಾಲೆಯ ಚೆಲ್ಲೊ ಪೆಟ್ಟಿಗೆ ಕೇಳಿ ತಂದಳು. ಅದರಲ್ಲಿ ಗಿಟಾರು ಹಂಡೆಯೊಳಗಿನ ಸೌಟಿನ ಹಾಗೆ ಅಲ್ಲಾಡಿತು. ದಿಂಬು ತುರುಕಿದರೆ ತಂತಿ ಹೊತ್ತ ಕುದುರೆಯ ಮೇಲೆ ಒತ್ತಿ, ಮೇಲಿನ ಹಲಗೆ ಕಿರ್ ಅಂದಿತು. ಸಾಯ್ರಾ ತಟಕ್ಕನೆ ಕೈ ತೆಗೆದಳು.

ಕೊನೆಗೆ ಗೆನ್ನಾದಿ ಅಂತ ನಮ್ಮೂರ ಬಡಗಿಯ ಹತ್ತಿರ ಹೋದೆವು. ಒಳ್ಳೆಯ ಕೆಲಸಗಾರ, ಆದರೆ ಮಾಡುವುದು ರಷ್ಯನ್ನರ ಶವಪೆಟ್ಟಿಗೆ. ಅವನು ಅಳತೆ ತೆಗೆದು, "ಅರ್ಧ ದಿನದ ಕೆಲಸ. ಮಕ್ಕಳ ಅಳತೆ," ಅಂದ. ಸಾಯ್ರಾ ಗಿಟಾರ್ ಎತ್ತಿಕೊಂಡು ಹೊರಗೆ ಬಂದಳು.

"ಯಾಕೆ, ಏನಾಯ್ತು?"

"ಇಂಥಾದ್ರಲ್ಲಿ ಇಟ್ಕೊಂಡು ಕಾಯಿಲೆ ಬಿದ್ದವನ ಬಾಗಿಲಿಗೆ ಹೋಗ್ಲಾ? ನಿಂಗೇನಾದ್ರೂ ತಲೆ ಇದ್ಯಾ ತೊಕೊ?"

ತಲೆ ಇತ್ತು. ಅದರಲ್ಲಿ ಗೆನ್ನಾದಿಯ 'ಮಕ್ಕಳ ಅಳತೆ' ಎರಡು ದಿನ ಕೊರೆಯಿತು. ಮೂರನೆಯ ದಿನ ಬಜಾರಿನಲ್ಲಿ ಮಾಮಸಾಲಿಯ ಅಂಗಡಿ ಕಂಡಾಗ ಅಲ್ಲೇ ನಿಂತೆ. ಮಾಮಸಾಲಿ ಓಶ್ ಕಡೆಯವನು, ತೊಟ್ಟಿಲು ಮಾಡುತ್ತಾನೆ. ನಮ್ಮ ತೊಟ್ಟಿಲು ನೆಲದ ಮೇಲೆ ಕೂತು ಓಲಾಡುವಂಥದ್ದು: ಎರಡು ತುದಿಗೆ ಎರಡು ಕಮಾನು, ಕಮಾನಿನಿಂದ ಕಮಾನಿಗೆ ಹಿಡಿಯಲು ಒಂದು ದಂಡ, ಮೈಯೆಲ್ಲಾ ಕೆಂಪು ಹಸಿರು ಬಣ್ಣ. ಉದ್ದ ನೋಡಿದೆ. ಸರಿಯಾಗಿತ್ತು.

ಸಾಯ್ರಾಳನ್ನು ಎಳೆದುಕೊಂಡು ಹೋದೆ. ಮಾಮಸಾಲಿ ಮೊದಲು ಕಿವಿ ಮುಚ್ಚಿಕೊಂಡ. "ಮರದ ಸಾಮಾನಿಗೆ ತೊಟ್ಟಿಲಾ? ಪಾಪ ಹತ್ತುತ್ತೆ ಕಣಯ್ಯಾ. ಹೋಗು."

ಸಾಯ್ರಾ ವಾದ ಮಾಡಲಿಲ್ಲ. ಹಾಸಿಗೆ ಬಿಚ್ಚಿ ಗಿಟಾರನ್ನು ಅವನ ಮುಂದೆ ಇಟ್ಟಳು. ಅವನು ಅದನ್ನು ಬೆನ್ನು ಮೇಲಾಗಿ ತಿರುಗಿಸಿದ, ಕುತ್ತಿಗೆಯ ಉದ್ದಕ್ಕೂ ಹೆಬ್ಬೆರಳು ಎಳೆದ, ಜೋಡಣೆ ಎಲ್ಲಿದೆ ಅಂತ ಹುಡುಕಿದ. ಸಿಗಲಿಲ್ಲ.

"ಯಾರದ್ದಮ್ಮಾ ಈ ಕೆಲಸ?"

"ನಮ್ಮಣ್ಣಂದು."

"ಇದ್ದಾರಾ?"

"ಇದಾರೆ. ಅವರಿಗೆ ತೋರಿಸೋಕೇ ಒಯ್ಯಬೇಕು."

ಮಾಮಸಾಲಿ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. "ನೋಡಮ್ಮ, ಪೆಟ್ಟಿಗೆ ಮಾಡೋಕೆ ನಂಗೆ ಬರಲ್ಲ. ನಲವತ್ತು ವರ್ಷ ಒಂದೇ ಸಾಮಾನು ಮಾಡಿದ್ದೀನಿ, ಕೈ ತಾನಾಗೇ ಅಲ್ಲಿಗೇ ಹೋಗುತ್ತೆ. ಮುಚ್ಚಳ ಬೇಕಾದ್ರೆ ಹಾಕ್ತೀನಿ. ಆದ್ರೆ ಕಮಾನಿರುತ್ತೆ, ದಂಡ ಇರುತ್ತೆ, ಬಣ್ಣ ಇರುತ್ತೆ. ಆಮೇಲೆ ಇದೇನು ಅಂತ ಕೇಳ್ಬೇಡಿ."

ಕೇಳಲಿಲ್ಲ. ವಾರಕ್ಕೆ ಮಾಡಿಕೊಟ್ಟ. ತಳ ಮುಚ್ಚಿದ, ಪಕ್ಕ ಎತ್ತರಿಸಿದ, ಹಗುರವಾದ ವಿಲೋ ಮರದ್ದು. ಎಲ್ಲಿಂದ ನೋಡಿದರೂ ತೊಟ್ಟಿಲೇ.

ಇಲ್ಲಿ ನನ್ನ ಎರಡನೆಯ ತಪ್ಪು ಬರುತ್ತದೆ. ಗಿಟಾರಿಗೆ ತೊಟ್ಟಿಲು ಮಾಡಿಸಿದ್ದು ತಿಳಿದರೆ ಬೀದಿಯವರು ನಗುತ್ತಾರೆ ಅಂತ ನನಗೆ ಅಂಜಿಕೆ. ಅದನ್ನು ತರುವ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಹೆಂಡತಿ ಬಾತ್ಮಾಗೆ ಹೇಳಿದೆ: "ಮಾಮಸಾಲಿ ಹತ್ರ ಸಾಯ್ರಾಗೊಂದು ಸಾಮಾನು ತರೋದಿದೆ. ಯಾರ ಹತ್ರನೂ ಬಾಯಿ ಬಿಡ್ಬೇಡ, ಅವಳ ಮರ್ಯಾದೆ ಪ್ರಶ್ನೆ." ಮಾಮಸಾಲಿ ಏನು ಮಾಡುತ್ತಾನೆ ಅಂತ ಕರಕೋಲ್‌ನಲ್ಲಿ ಯಾರಿಗೆ ಗೊತ್ತಿಲ್ಲ? ಆ ವಾರವೇ ಸಾಯ್ರಾಳ ಮಗಳು ನುರಾಯಿಮ್ ಬಿಷ್ಕೆಕ್‌ನಿಂದ ರಜೆಗೆ ಬಂದಿದ್ದಳು. ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. ಮೂವತ್ತನಾಲ್ಕು ವರ್ಷ, ಮದುವೆಯಾಗಿಲ್ಲ. ನೆಗಡಿ ಅಂತ ಮೂರು ದಿನದಿಂದ ಬಾಗಿಲಾಚೆ ಮುಖ ಹಾಕಿರಲಿಲ್ಲ. ಇಂಥ ಸಮಯದಲ್ಲಿ ನಾನು ಬಣ್ಣ ಕೆಡದಿರಲಿ ಅಂತ ತೊಟ್ಟಿಲ ಮೇಲೆ ಹಾಸಿಗೆ ಹೊದೆಸಿ, ಹಿಮದಲ್ಲಿ ಜಾರದ ಹಾಗೆ ಮೆಲ್ಲಗೆ, ಎರಡೂ ಕೈಯಲ್ಲಿ ಹಿಡಿದು ಸಾಯ್ರಾಳ ಅಂಗಳ ದಾಟಿದೆ.

ಮಧ್ಯಾಹ್ನ ಎರಡು ಗಂಟೆಗೆ ಹೆಂಗಸರು ಬಂದರು. ಒಂಬತ್ತು ಜನ. ಮುಂದೆ ಎಂಬತ್ತನಾಲ್ಕರ ಉಮ್ಸುನಾಯ್ ಅಜ್ಜಿ, ಅವಳ ತೋಳು ಹಿಡಿದು ನನ್ನ ಬಾತ್ಮಾ. ಎಲ್ಲರ ತಲೆಗೂ ಬಿಳಿ ಬಟ್ಟೆ, ಎಲ್ಲರ ಕಂಕುಳಲ್ಲೂ ಗಂಟು. ನಾವು ಒಳಗಿನ ಕೋಣೆಯಲ್ಲಿ ಗಿಟಾರನ್ನು ತೊಟ್ಟಿಲಲ್ಲಿ ಇಟ್ಟು ನೋಡಿ, ಉದ್ದ ಸರಿಯಿದೆ, ಆದರೆ ಪಕ್ಕಕ್ಕೆ ಅಲ್ಲಾಡುತ್ತದಲ್ಲ, ಏನು ತುಂಬುವುದು ಅಂತ ತಲೆ ಕೆಡಿಸಿಕೊಂಡಿದ್ದೆವು. ಸಾಯ್ರಾ ಗಡಬಡಿಸಿ ಹೊರಗೆ ಬಂದು ಮೇಜಿಗೆ ಬಟ್ಟೆ ಹಾಸಿದಳು.

ಹೆಂಗಸರು ಕೂತರು, ಪ್ರಾರ್ಥನೆಗೆ ಎತ್ತಿದ ಅಂಗೈಯಿಂದ ಮುಖ ಸವರಿಕೊಂಡು ಮನೆಗೆ ಒಳ್ಳೆಯದಾಗಲಿ ಅಂದರು. ಹಿಮದ ಮಾತಾಡಿದರು, ಆಲೂಗಡ್ಡೆಯ ಮಾತಾಡಿದರು. ನುರಾಯಿಮ್ ಚಹಾ ಬಗ್ಗಿಸಲು ಎದ್ದಾಗ ನಾಲ್ಕು ಜನ ಒಟ್ಟಿಗೇ ಚಾಚಿ ಅವಳ ಕೈಯಿಂದ ಕೆಟಲು ಕಿತ್ತುಕೊಂಡರು.

"ನೀನು ಕೂತ್ಕೋ ಮಗಳೇ, ನೀನು ಎದ್ದು ಓಡಾಡ್ಬಾರ್ದು."

"ಬರೀ ನೆಗಡಿ ಚಿಕ್ಕಮ್ಮ."

"ಆಯ್ತಮ್ಮಾ, ನೆಗಡಿನೇ. ಬೆನ್ನಿಗೆ ದಿಂಬು ಕೊಡ್ರೇ ಅವಳಿಗೆ."

ಕೊನೆಗೆ ಉಮ್ಸುನಾಯ್ ಅಜ್ಜಿ ಚಹಾ ಸಾಕು ಅಂತ ಬಟ್ಟಲು ಮಗುಚಿಟ್ಟಳು. "ಆಯ್ತು. ಎಲ್ಲಿ, ಮುಖ ತೋರಿಸು."

"ಯಾರ ಮುಖ ಅಜ್ಜಿ?" ಅಂದಳು ಸಾಯ್ರಾ.

ಬಾತ್ಮಾ ಎದ್ದು ಹೋಗಿ ಒಳಕೋಣೆಯ ಪರದೆ ಸರಿಸಿದಳು. ತೊಟ್ಟಿಲ ಮುಚ್ಚಳ ತೆಗೆದೇ ಇತ್ತು. ಅದರೊಳಗೆ ನಾಲ್ಕು ತಂತಿಯ, ಹೊಟ್ಟೆ ದಪ್ಪನೆಯ, ಮೂವತ್ತೆಂಟು ವರ್ಷದ ಕೂಸು ಅಂಗಾತ ಮಲಗಿತ್ತು. ನನ್ನ ಹೆಂಡತಿ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮದುವೆಯಾಗಿ ನಲವತ್ತು ವರ್ಷದಲ್ಲಿ ಅಂಥ ನೋಟ ಎರಡೇ ಸಲ ತಿಂದಿದ್ದೇನೆ.

ಮೊದಲು ಅರ್ಥವಾದದ್ದು ನುರಾಯಿಮ್‌ಗೆ. ಕೆಂಪಗಾಗಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಭುಜ ಕುಲುಕಿಸಿಕೊಂಡು ನಗತೊಡಗಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಉಮ್ಸುನಾಯ್ ಅಜ್ಜಿಗೆ ಕಣ್ಣಲ್ಲಿ ನೀರು ಬಂತು. "ಅಪ್ಪನ ಹೋಲಿಕೆ ಕಣ್ರೇ, ಕುತ್ತಿಗೆ ನೋಡಿ," ಅಂದಳು. ಸಾಯ್ರಾ ಮಾತ್ರ ನಗುತ್ತಿದ್ದವಳು ತಟ್ಟನೆ ನಗು ನಿಲ್ಲಿಸಿದಳು.

"ಹಾಗಾದ್ರೆ ನೀವೆಲ್ಲಾ... ನಮ್ಮ ನುರಾಯಿಮ್‌ದು ಮಗು ಅಂತ್ಲೇ ಬಂದ್ರಾ?"

ಹೆಂಗಸರು ತಮ್ಮ ತಮ್ಮ ಗಂಟನ್ನು ಮಡಿಲಿಗೆ ಎಳೆದುಕೊಂಡರು.

"ಬಂದು ಒಂದು ಗಂಟೆ ಆಯ್ತು. ಯಾರೂ ಏನೂ ಕೇಳ್ಲೇ ಇಲ್ಲ."

"ಕೇಳೋಕೇನಿದೆ?" ಅಂದಳು ಅಜ್ಜಿ. "ಮಗು ಬಂತು ಅಂದ್ರೆ ಬಂತು."

ಬಾತ್ಮಾ ಬೆಳಿಗ್ಗೆಯೇ ಬೀದಿಯ ಮನೆಮನೆಗೂ ಹೋಗಿ, ಗಂಡ ಯಾರು ಏನು ಅಂತ ಯಾರಾದರೂ ತುಟಿ ಬಿಚ್ಚಿದರೆ ನನ್ನ ಹೊಸ್ತಿಲು ತುಳಿಯಬೇಡಿ ಅಂತ ಹೇಳಿ ಬಂದಿದ್ದಳಂತೆ. ಬಾಯಿ ಬಿಡಬೇಡ ಅಂದರೆ ಹೀಗೆ ಅವಳು. ನುರಾಯಿಮ್ ಎದ್ದು ಬಂದು ಅಜ್ಜಿಯ ಪಕ್ಕ ಕೂತು ಅವಳ ಭುಜಕ್ಕೆ ತಲೆ ಒರಗಿಸಿದಳು. ಅವಳು ಆಗ ನಗುತ್ತಿರಲಿಲ್ಲ. ನಾನು ಸುಮ್ಮನೆ ತಟ್ಟೆಯಿಂದ ಇನ್ನೊಂದು ಬೊರ್ಸೊಕ್, ಹಿಟ್ಟಿನ ಕರಿದ ತುಂಡು, ಬಾಯಿಗೆ ಹಾಕಿಕೊಂಡೆ.

ಹೊಸ ಮುಖ ನೋಡಲು ತಂದ ಉಡುಗೊರೆ ಹೊಸ್ತಿಲು ದಾಟಿದ ಮೇಲೆ ವಾಪಸು ಹೋಗುವಂತಿಲ್ಲ. ಗಂಟುಗಳನ್ನು ಬಿಚ್ಚಿದರು: ಮರಿಕುರಿಯ ಮೆತ್ತನೆ ಚರ್ಮ, ಬಿಳಿ ಉಣ್ಣೆಯ ಕಂಬಳಿ ಎರಡು, ಅಂಗೈಯಷ್ಟು ದಪ್ಪದ ಪುಟ್ಟ ಹಾಸಿಗೆ, ಒಂಟೆ ಕೂದಲಿನ ದಿಂಬು. ನಾವು ಏನು ತುಂಬುವುದು ಅಂತ ಒದ್ದಾಡುತ್ತಿದ್ದ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹೆಂಗಸರು ನನ್ನನ್ನು ಆಚೆ ತಳ್ಳಿ ತಾವೇ ಕೂತರು. ಕಂಬಳಿ ಕತ್ತರಿಸಿ ಪಕ್ಕಕ್ಕೆ ಹೊಲಿದರು, ಉಬ್ಬು ಬೆನ್ನಿನ ಕೆಳಗೆ ಚರ್ಮ, ಕುತ್ತಿಗೆಯ ಕೆಳಗೆ ದಿಂಬು. ಕುದುರೆಯ ಸುತ್ತ ಏನೂ ತಾಗದ ಹಾಗೆ ಸಾಯ್ರಾ ಬೆರಳಿಟ್ಟು ತೋರಿಸಿದಳು.

ಉಮ್ಸುನಾಯ್ ಅಜ್ಜಿ ತನ್ನ ಏಳು ಮಕ್ಕಳನ್ನು ತೊಟ್ಟಿಲಿಗೆ ಕಟ್ಟಿದ್ದ ಅಗಲ ಪಟ್ಟಿಗಳನ್ನು ತಂದಿದ್ದಳು. ಎಲ್ಲಾ ಮುಗಿದ ಮೇಲೆ ಗಿಟಾರನ್ನು ತನ್ನ ಕೈಯಾರೆ ಎತ್ತಿ, ಮಗುವನ್ನು ಮಲಗಿಸುವಾಗ ಕೂಸು ಕಾಯುವ ದೇವಿಯನ್ನು ನೆನೆದು ಹೇಳುವ ಹಾಗೆಯೇ, "ನನ್ನ ಕೈಯಲ್ಲ, ಉಮಾಯ್ ತಾಯಿಯ ಕೈ" ಅಂತ ಮೂರು ಸಲ ಹೇಳಿ ಒಳಗಿಟ್ಟು, ಪಟ್ಟಿ ಸುತ್ತಿ ಬಿಗಿದಳು. ತೊಟ್ಟಿಲು ಅಲ್ಲಾಡಿಸಿ ನೋಡಿದೆ. ಒಳಗಿಂದ ಒಂದು ಸದ್ದಿಲ್ಲ.

ಮರುದಿನ ಬೆಳಗಿನ ಸವಾರಿ ವ್ಯಾನಿಗೆ ನಾನೂ ಹೊರಟೆ. "ನೀವೇ ಒಡೆದದ್ದು, ನೀವೇ ಹೊತ್ಕೊಂಡು ಹೋಗಿ," ಅಂತ ಬಾತ್ಮಾಳ ಅಪ್ಪಣೆ. ನಿಲ್ದಾಣದಲ್ಲಿ ಚಾಲಕ ಮೂಟೆಗಳನ್ನು ಹಿಂದಕ್ಕೆ ಎಸೆಯುತ್ತಿದ್ದ. ನನ್ನ ಕೈಯಲ್ಲಿದ್ದದ್ದು ನೋಡಿ ಮೂಟೆ ಕೆಳಗಿಟ್ಟ.

"ಖಾಲಿ ತೊಟ್ಟಿಲಾ?"

ಖಾಲಿ ತೊಟ್ಟಿಲು ತೂಗುವುದು ನಮ್ಮಲ್ಲಿ ಕೆಟ್ಟದ್ದು. ಖಾಲಿ ಒಯ್ಯುವುದೂ ಯಾರಿಗೂ ಇಷ್ಟವಿಲ್ಲ.

"ಖಾಲಿ ಇಲ್ಲಪ್ಪ," ಅಂದಳು ಸಾಯ್ರಾ. ಅದು ಸುಳ್ಳಲ್ಲ.

ಚಾಲಕ ಮುಂದಿನ ಸೀಟಿನಲ್ಲಿ ಮೊದಲೇ ಬಂದು ಕೂತಿದ್ದ ದಪ್ಪ ಮನುಷ್ಯನನ್ನು ಎಬ್ಬಿಸಿದ. ಬಿಸಿಗಾಳಿ ಬರುವ ಆ ಜಾಗದಲ್ಲಿ ತೊಟ್ಟಿಲು, ಅದರ ಪಕ್ಕ ಸಾಯ್ರಾ. ದಪ್ಪ ಮನುಷ್ಯನಿಗೆ ನನ್ನ ಸೀಟು. ನನಗೆ ಎಲ್ಲರ ಹಿಂದೆ, ಹೆಪ್ಪುಗಟ್ಟಿದ ಅರ್ಧ ಕುರಿ ಮತ್ತು ಒಂದು ಕಬ್ಬಿಣದ ಒಲೆಯ ನಡುವೆ ಜಾಗ. ಬೈದುಕೊಂಡೇ ಕೂತೆ.

ದಾರಿ ನಡುವಿನ ಕೋಚ್ಕೊರ್ ಊರಿನ ತನಕ ಚಾಲಕ ಹಾಡು ಹಾಕಲಿಲ್ಲ, ಹಾರ್ನ್ ಹೊಡೆಯಲಿಲ್ಲ, ಗುಂಡಿ ಬಂದಲ್ಲೆಲ್ಲಾ ನಿಧಾನಿಸಿದ. ಚಹಾಕ್ಕೆ ನಿಲ್ಲಿಸಿದಾಗ ಅವನು, "ಒಂದ್ಸಲನೂ ಅಳ್ಲಿಲ್ಲವಲ್ಲ ಅಕ್ಕ, ಚಿನ್ನದಂಥ ಮಗು," ಅಂದ. ಸಾಯ್ರಾಗೆ ತಡೆದುಕೊಳ್ಳಲು ಆಗಲಿಲ್ಲ.

"ಅದು ಮಗು ಅಲ್ಲಪ್ಪ. ಗಿಟಾರ್. ನಮ್ಮಣ್ಣ ಮಾಡಿದ್ದು. ಅವರಿಗೆ ಹುಷಾರಿಲ್ಲ, ಒಡೀದ ಹಾಗೆ ಅವರ ಕೈಗೆ ಮುಟ್ಟಿಸ್ಬೇಕು. ಬೇಕಾದ್ರೆ ಹಿಂದೆ ಹಾಕು."

ನಾನು ಮನಸ್ಸಿನಲ್ಲೇ, ಹಾಳಾದೋಳೇ, ಇನ್ನು ಎರಡು ಗಂಟೆ ಬಾಯಿ ಮುಚ್ಚಿಕೊಂಡಿರೋಕೆ ಆಗಲಿಲ್ಲವಾ ಅಂದುಕೊಂಡೆ. ಚಾಲಕ ಬಟ್ಟಲಿನ ಚಹಾ ಪೂರ್ತಿ ಕುಡಿದ. ವ್ಯಾನಿನ ಮುಂದಿನ ಗಾಜಿನ ಹತ್ತಿರ ಹೋಗಿ ಒಳಗೆ ನೋಡಿ ಬಂದ.

"ತೊಟ್ಟಿಲಲ್ಲಿ ಕಟ್ಟಿ ಮಲಗಿಸಿದ್ದೀರಲ್ಲ ಅಕ್ಕ," ಅಂದ. "ತೊಟ್ಟಿಲನ್ನ ಕಲ್ಲಿದ್ದಲ ಮೇಲೆ ಹೇಗೆ ಹಾಕ್ಲಿ ನಾನು? ನಂಗೂ ಮಕ್ಕಳಿದ್ದಾರೆ."

ನನ್ನ ಸೀಟಿನ ಬಗ್ಗೆ ಮಾತ್ರ ಏನೂ ಹೇಳಲಿಲ್ಲ.

ದೊಲೋನ್ ಕಣಿವೆಯ ಇಳಿಜಾರಿನಲ್ಲಿ ಎದುರಿಗೆ ಲಾರಿ ಬಂತು. ವ್ಯಾನು ಜಾರಿ, ಅಡ್ಡ ತಿರುಗಿ, ಹಿಮದ ಗುಡ್ಡೆಗೆ ಹೋಗಿ ನಿಂತಿತು. ಹಿಂದಿನ ಸಾಮಾನೆಲ್ಲಾ ಒಂದೇ ಸಲ ಹೊರಟಿತು. ಕಬ್ಬಿಣದ ಒಲೆ ನನ್ನ ಮೊಣಕಾಲಿಗೆ ಬಂದು ಬಡಿದ ರಭಸಕ್ಕೆ ಕಣ್ಣು ಕತ್ತಲಿಟ್ಟಿತು. ಮುಂದೆ ಚಾಲಕ ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದು ಕೈ ತೊಟ್ಟಿಲ ದಂಡದ ಮೇಲೆ ಇಟ್ಟು ಕೂತಿದ್ದ. ಆ ಒಲೆ ಬಂದ ಜಾಗದಲ್ಲಿ ಗಿಟಾರಿದ್ದಿದ್ದರೆ ಅಂತ ನೆನೆದು ನನಗೆ ಮೊಣಕಾಲಿನ ನೋವು ಸ್ವಲ್ಪ ಹಿತವೇ ಆಯಿತು. ಹಳೇ ಬಾಕಿ ತೀರಿದ ಹಾಗೆ.

ಅಟ್‌ಬಾಶಿ ಸೇರಿದಾಗ ಮೂರು ಗಂಟೆ. ಓರೊಜಾಲಿ ಕಿಟಕಿಯ ಹತ್ತಿರ ದಿಂಬಿಗೆ ಒರಗಿ ಕೂತಿದ್ದ. ಮನುಷ್ಯ ಅರ್ಧಕ್ಕರ್ಧ ಇಳಿದಿದ್ದ. ಎರಡೂ ಕೈ ತೊಡೆಯ ಮೇಲೆ ತಮ್ಮಷ್ಟಕ್ಕೆ ನಡುಗುತ್ತಿದ್ದವು. ತೊಟ್ಟಿಲು ನೋಡಿ ಹುಬ್ಬೇರಿಸಿದ.

"ಇದೇನೇ, ಈ ವಯಸ್ಸಲ್ಲಿ?"

"ಪೆಟ್ಟಿಗೆ ಸಿಗ್ಲಿಲ್ಲ ಅಣ್ಣ. ಗಿಟಾರ್ ಇದೆ ಒಳಗೆ. ಇಡಿಯಾಗಿದೆ ಅಂದ್ರೆ ನೀನು ನಂಬಲ್ಲವಲ್ಲ," ಅಂತ ಸಾಯ್ರಾ ಮುಚ್ಚಳಕ್ಕೆ ಕೈ ಹಾಕಿದಳು.

"ತೆಗೀಬೇಡ!" ಆ ದೇಹದಿಂದ ಅಷ್ಟು ದೊಡ್ಡ ದನಿ ಬಂದೀತು ಅಂತ ಯಾರೂ ಎಣಿಸಿರಲಿಲ್ಲ. "ಚಳಿಯಿಂದ ಬಂದಿದೆ. ಮನೆ ಬಿಸಿ ಒಮ್ಮೆಲೇ ತಾಗಿದ್ರೆ ಈಗ್ಲೇ ಸೀಳುತ್ತೆ. ಮುಚ್ಚಿದ ಹಾಗೇ ಇರ್ಲಿ, ಮೆಲ್ಲಗೆ ಕಾಯ್ಲಿ. ಎರಡು ಗಂಟೆ."

ಕಾದೆವು. ಸೊಸೆ ಚಹಾ ಕೊಟ್ಟಳು, ನನ್ನ ಮೊಣಕಾಲಿಗೆ ಕೊಬ್ಬು ಸವರಿದಳು. ಓರೊಜಾಲಿ ತೊಟ್ಟಿಲನ್ನು ಹತ್ತಿರ ಎಳೆಸಿಕೊಂಡು ಅದರ ಪಕ್ಕಕ್ಕೆ ಕೈಯಿಟ್ಟು ಕೂತ. ಆಗಾಗ, "ಮೂರೇ ವರ್ಷ ಒಣಗಿಸಿದ್ದು ನಾನು," ಅನ್ನುತ್ತಿದ್ದ. ಕಣಿವೆಯ ಪೆಟ್ಟಿನಲ್ಲಿ ಒಳಗೆ ಏನಾಗಿದೆಯೋ ಅಂತ ಸಾಯ್ರಾಗೂ ಗೊತ್ತಿರಲಿಲ್ಲ. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಹೊತ್ತು ಇಳಿಯುವ ಮುಂಚೆ ಅವನು ತಲೆಯಾಡಿಸಿದ. ಸಾಯ್ರಾ ಪಟ್ಟಿ ಬಿಚ್ಚಿ ಗಿಟಾರನ್ನು ಅಣ್ಣನ ತೊಡೆಯ ಮೇಲೆ ಇಟ್ಟಳು. ಅವನು ಎದುರು ಭಾಗ ನೋಡಲೇ ಇಲ್ಲ. ತಂಗಿಯಿಂದ ಅದನ್ನು ಬೆನ್ನು ಮೇಲಾಗಿ ತಿರುಗಿಸಿಕೊಂಡು, ಹಳೇ ಬಿರುಕಿನ ಉದ್ದಕ್ಕೂ ಉಗುರು ಎಳೆದ. ಕೈ ನಡುಗುತ್ತಿದ್ದುದರಿಂದ ಮೂರು ಸಲ ಎಳೆಯಬೇಕಾಯಿತು. ಆಮೇಲೆ ಕಿವಿ ತಗ್ಗಿಸಿ ಬೆರಳ ಗೆಣ್ಣಿನಿಂದ ಐದು ಕಡೆ ತಟ್ಟಿದ. ಅಡಿಗೆಮನೆಯಲ್ಲಿ ಸೊಸೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

"ಒಣಗಿದೆ," ಅಂದ ಓರೊಜಾಲಿ.

"ಏನಣ್ಣ?"

"ಪೂರ್ತಿ ಒಣಗಿದೆ ಸಾಯ್ರಾ. ಇನ್ನು ತಾನಾಗಿ ಸೀಳಲ್ಲ." ಅವನು ನಕ್ಕ. "ಒಣಗ್ದೇ ಏನು, ಮೂವತ್ತೆಂಟು ವರ್ಷ ಆಯ್ತಲ್ಲ. ನಾನು ಸುಮ್ಸುಮ್ನೆ ಕಾದೆ."

ಸಾಯ್ರಾ ಗಿಟಾರ್ ತೆಗೆದುಕೊಂಡು ಬಿರಡೆ ತಿರುವಿ ಶ್ರುತಿ ಮಾಡಿ, ಅವನ ಮಗ್ಗುಲಲ್ಲೇ ನೆಲದ ಮೇಲೆ ಕೂತು ನುಡಿಸಿದಳು. ಸ್ಪೀಕರಿಗೆ ಜೋಡಿಸದಿದ್ದರೆ ಅದರ ದನಿ ಮೆತ್ತಗೆ, ಗೋಡೆಯಾಚೆ ಯಾರೋ ಗುನುಗಿದ ಹಾಗೆ. ಓರೊಜಾಲಿ ಕೈ ಚಾಚಿ ಅಂಗೈಯನ್ನು ಮರದ ಬೆನ್ನಿಗೆ ಒತ್ತಿದ. ತಂತಿ ನಡುಗುವಾಗ ಅವನ ಕೈಯ ನಡುಕ ಬೇರೆಯಾಗಿ ಕಾಣಲಿಲ್ಲ. ನಾಲ್ಕೇ ಸ್ವರ, ಮತ್ತೆ ಅದೇ ನಾಲ್ಕು. ಅವಳು ಅದನ್ನೇ ತಿರುಗಿಸಿ ತಿರುಗಿಸಿ ನುಡಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವನ ತಲೆ ದಿಂಬಿನ ಮೇಲೆ ಪಕ್ಕಕ್ಕೆ ವಾಲಿತು, ಬಾಯಿ ಸ್ವಲ್ಪ ತೆರೆಯಿತು. ಕೆಟಲು ಹಿಡಿದು ಬಂದ ಸೊಸೆ ಬಾಗಿಲಲ್ಲೇ ನಿಂತು, ಎಲ್ಲರಿಗೂ ತುಟಿಗೆ ಬೆರಳಿಟ್ಟು ತೋರಿಸಿದಳು. ಒಂದೂವರೆ ತಿಂಗಳಿಂದ ಆ ಮನೆಯಲ್ಲಿ ಯಾರೂ ಅವನು ಹಾಗೆ ಮಲಗಿದ್ದನ್ನು ನೋಡಿರಲಿಲ್ಲ. ಸಾಯ್ರಾ ನಿಲ್ಲಿಸಲಿಲ್ಲ. ಬೆರಳ ತುದಿ ಕೆಂಪಾಗುವ ತನಕ ನುಡಿಸಿದಳು.

ಮರುದಿನ ಅವನು ತಾನೇ ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಒಮ್ಮೆ ಮೀಟಿ ನೋಡಿದ. ಕೊಮುಜ್‌ಗೆ ನೂರು ಸಲ ಕೈಯಾಡಬೇಕು, ಅದು ಈಗ ಅವನಿಂದಾಗದು. ಇದಕ್ಕೆ ಒಂದು ಮೀಟು ಸಾಕು. ಸ್ವರ ಬಹಳ ಹೊತ್ತು ಹೊಟ್ಟೆಯೊಳಗೇ ಓಡಾಡುತ್ತಿರುತ್ತದೆ. ಅಂಗೈ ಒತ್ತಿಕೊಂಡು ಅದು ಮುಗಿಯುವ ತನಕ ಕಣ್ಣು ಮುಚ್ಚಿದ, ಮತ್ತೆ ಮೀಟಿದ. ಸಾಯ್ರಾ ಅದನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದಳು.

ಹೊರಡುವಾಗ ನಾನು ತೊಟ್ಟಿಲು ಎತ್ತಲು ಹೋದೆ. "ಇರ್ಲಿ ಬಿಡು ತೊಕೊ," ಅಂದಳು. ಪೆಟ್ಟಿಗೆಗಾಗಿ ಒಂದು ತಿಂಗಳು ಊರೆಲ್ಲಾ ಅಲೆದವಳು ಬರಿಗೈಯಲ್ಲಿ ವ್ಯಾನು ಹತ್ತಿದಳು.

ಆ ಶನಿವಾರದ ಮದುವೆಗೆ ಶಾಲೆಯ ಕಾರ್ಖಾನೆ ಗಿಟಾರ್ ತಂದಳು. ಮತ್ತೆ ಅದೇ ಹಳೇ ಪಾಡು. ಎಟುಕದ ಸ್ವರ, ಓಡುವ ಅಂಗೈ. ಕುಣಿಯುವವರ ಹೆಜ್ಜೆ ನಾಲ್ಕು ಸಲ ತಪ್ಪಿತು. ನಾನು ಡ್ರಮ್ಸನ್ನು ಜೋರಾಗಿ ಕುಟ್ಟಿ ಮುಚ್ಚಿಹಾಕಿದೆ. ಅಷ್ಟಾದರೂ ಮಾಡಬೇಡವೇ?

ಭಾನುವಾರ ಹೆಂಗಸರೆಲ್ಲಾ ಮತ್ತೆ ಅವಳ ಮನೆಗೆ ಬಂದರು. ತೊಟ್ಟಿಲಿಟ್ಟಿದ್ದ ಜಾಗ ಖಾಲಿ ಇರುವುದನ್ನು ಉಮ್ಸುನಾಯ್ ಅಜ್ಜಿ ಮೊದಲು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. ದಾರಿಯಲ್ಲಿ ಒಡೆಯಿತೇನೋ ಅಂದುಕೊಂಡಿರಬೇಕು. ಈ ಸಲವೂ ಯಾರೂ ಏನೂ ಕೇಳಲಿಲ್ಲ. ಸಾಯ್ರಾ ಎಲ್ಲರಿಗೂ ಚಹಾ ಬಗ್ಗಿಸಿ ಮುಗಿಸಿ, ಊದಿಕೊಂಡ ಮಣಿಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

"ಚೆನ್ನಾಗಿದೆ ಅಜ್ಜಿ. ಸೋದರಮಾವನ ಮನೇಲಿ ಬಿಟ್ಟು ಬಂದೆ," ಅಂದಳು. "ಅದು ಮಗ್ಗುಲಲ್ಲಿದ್ರೆ ಅವರಿಗೆ ನಿದ್ದೆ ಬರುತ್ತೆ."